ತೋಟ ಮಾರಾಟಕ್ಕಿದೆ, ಬರೆದದ್ದು ಎಐ

ನಮ್ಮ ಮಾವ ಶಿವಮೊಗ್ಗದಲ್ಲಿ ಸೈಟು, ಮನೆ, ತೋಟ ಕೊಡಿಸುವ ಕೆಲಸ ಮಾಡುತ್ತಾರೆ. ಮಾತಿನಲ್ಲಿ ಅವರನ್ನು ಮೀರಿಸೋರಿಲ್ಲ, ಬರೆಯೋದು ಅಂದರೆ ಮಾತ್ರ ಆಗಲ್ಲ. ಅವರ ಜಾಹೀರಾತು ಯಾವತ್ತೂ ಒಂದೇ ಸಾಲು: ‘ಗೋಪಾಳ, 30/40, ಪೂರ್ವ, ಕಾರ್ನರ್, ರೆಕಾರ್ಡ್ ಕ್ಲಿಯರ್, ಅರ್ಜೆಂಟ್.’ ಇಷ್ಟು ವರ್ಷ ಇದರಲ್ಲೇ ವ್ಯಾಪಾರ ನಡೆಯಿತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಊರಿನವರಿಗೆ ಅಷ್ಟು ಸಾಕು. ಗೋಪಾಳ ಎಲ್ಲಿ, ಯಾವ ಕ್ರಾಸಿನಲ್ಲಿ ಏನು ರೇಟು ಅಂತ ಅವರಿಗೆ ಗೊತ್ತೇ ಇರುತ್ತದೆ.

ಈಗ ಕೇಳೋರು ಬೇರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ‘ಮಲೆನಾಡಿನಲ್ಲಿ ಎರಡೆಕರೆ’ ಅಂತ ಹುಡುಕುವವರು ಮಾವನಿಗೆ ಫೋನ್ ಮಾಡುತ್ತಾರೆ. ಅವರಿಗೆ ಒಂದು ಸಾಲು ಸಾಲದು. ಪ್ಯಾರಾ ಬೇಕು, ಫೋಟೊ ಬೇಕು, ಇಂಗ್ಲಿಷ್ ಬೇಕು. ಆ ಪ್ಯಾರಾ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದನ್ನು ಚಾಟ್‌ಜಿಪಿಟಿ ತಲೆಗೆ ಕಟ್ಟಿದೆ.

ಒಂದು ಉದಾಹರಣೆ ಕೊಡುತ್ತೇನೆ. ಮಾವ ಕಳಿಸಿದ್ದು ಇಷ್ಟೇ: ‘ಹೊಸನಗರ ಕಡೆ, ಅಡಿಕೆ ತೋಟ, ಹಳೆ ಹೆಂಚಿನ ಮನೆ, ಬಾವಿ, ರೋಡ್ ಇದೆ.’ ಎಐ ಕೊಟ್ಟದ್ದು: ‘ಸಹ್ಯಾದ್ರಿಯ ಹಸಿರು ಮಡಿಲಲ್ಲಿ ಅರಳಿ ನಿಂತ ಈ ತೋಟದ ಮನೆ ನಿಮ್ಮ ಕನಸಿನ ಬದುಕಿಗೆ ಸ್ವಾಗತ ಕೋರುತ್ತದೆ. ವರ್ಷವಿಡೀ ಹರಿಯುವ ತೊರೆಯ ಕಲರವ, ಅತ್ಯುತ್ತಮ ರಸ್ತೆ ಸಂಪರ್ಕ, ಪಾರಂಪರಿಕ ವಾಸ್ತುಶಿಲ್ಪದ ಸೊಬಗು...’ ಹೀಗೇ ಇನ್ನೊಂದಷ್ಟು. ತೊರೆ ಎಲ್ಲಿಂದ ಬಂತು? ಮಾವ ಹೇಳಿರಲಿಲ್ಲ, ನಾನು ಬರೆದಿರಲಿಲ್ಲ, ಆ ಜಾಗದಲ್ಲಂತೂ ಇಲ್ಲವೇ ಇಲ್ಲ. ಮಾವ ‘ರೋಡ್ ಇದೆ’ ಅಂದದ್ದು ಜೀಪು ಹೋಗುವ ಮಣ್ಣಿನ ದಾರಿಗೆ.

ಇದನ್ನು ಸುಳ್ಳು ಅಂತ ಬೈಯೋಕೂ ಆಗಲ್ಲ. ಸುಳ್ಳು ಹೇಳಬೇಕಾದರೆ ನಿಜ ಗೊತ್ತಿರಬೇಕು, ಅದಕ್ಕೆ ಅದೂ ಗೊತ್ತಿಲ್ಲ. ರಾಶಿ ರಾಶಿ ಬರಹ ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಅಂದಾಜು ಮಾಡುವುದನ್ನು ಅದಕ್ಕೆ ಕಲಿಸಿದ್ದಾರೆ. ತೋಟ, ಹೆಂಚಿನ ಮನೆ, ಸಹ್ಯಾದ್ರಿ ಅಂದಮೇಲೆ ಹತ್ತಿರದಲ್ಲೇ ಒಂದು ತೊರೆ ಇರೋದು ಸಹಜ ತಾನೇ? ಹಾಗಾಗಿ ಹರಿಸಿಬಿಟ್ಟಿತು. ಕೊಟ್ಟ ಟಿಪ್ಪಣಿ ಚಿಕ್ಕದಾದಷ್ಟೂ ನಡುವೆ ಖಾಲಿ ಜಾಗ ಜಾಸ್ತಿ, ಖಾಲಿ ಜಾಗ ಜಾಸ್ತಿಯಾದಷ್ಟೂ ಅದರ ತೊರೆಗಳು ಜಾಸ್ತಿ. ಇನ್ನೊಂದು ವಿಷಯ ಇದೆ. ಮನೆ ಜಾಹೀರಾತು ಅಂತ ಅದು ಓದಿರೋದೆಲ್ಲ ಮಾರುವವರು ಬರೆದದ್ದು. ಬಾವಿ ಏಪ್ರಿಲ್‌ನಲ್ಲಿ ತಳ ಕಾಣುತ್ತದೆ ಅಂತ ಯಾವ ಮಾರುವವನು ಬರೆಯುತ್ತಾನೆ? ಹಾಗಾಗಿ ಬಾವಿಯ ತಳದ ಸುದ್ದಿ ಅದಕ್ಕೆ ತಾನಾಗಿ ಹೊಳೆಯೋದು ಕಷ್ಟ.

ಮಾವನಿಗೆ ಮಾತ್ರ ಖುಷಿಯೋ ಖುಷಿ. ‘ಎಷ್ಟು ಚೆನ್ನಾಗಿ ಬರೀತದೆ ಮಾರಾಯ, ನಂಗೇ ತಗೊಳ್ಳೋಣ ಅನ್ನಿಸ್ತು’ ಅಂದರು. ಸ್ವಲ್ಪ ದಿನದಲ್ಲಿ ಗ್ರೂಪಿನ ಉಳಿದ ಬ್ರೋಕರುಗಳಿಗೂ ಇದು ಗೊತ್ತಾಯಿತು. ಈಗ ತೀರ್ಥಹಳ್ಳಿಯದ್ದು, ಸಾಗರದ್ದು, ಕೊಪ್ಪದ್ದು ಯಾವ ತೋಟದ ವಿವರ ಓದಿದರೂ ಊರಿನ ಹೆಸರು ಮುಚ್ಚಿಬಿಟ್ಟರೆ ಯಾವುದು ಯಾವುದೋ ತಿಳಿಯಲ್ಲ. ಎಲ್ಲವೂ ಮಡಿಲಲ್ಲೇ ಇವೆ, ಎಲ್ಲದರ ಪಕ್ಕದಲ್ಲೂ ತೊರೆ.

ಬಣ್ಣದ ಮಾತು ಹೋಗಲಿ ಬಿಡಿ. ಬ್ರೋಕರುಗಳು ಮೊದಲೂ ಬಣ್ಣ ಹಚ್ಚುತ್ತಿದ್ದರು, ಕೊಳ್ಳುವವರೂ ಅರ್ಧ ಕಳೆದೇ ಓದುತ್ತಿದ್ದರು. ನನಗೆ ಭಯ ಆಗೋದು ದಾಖಲೆಯ ವಿಷಯದಲ್ಲಿ. ಮಲೆನಾಡಿನ ಜಮೀನಿನ ವ್ಯವಹಾರ ಬಯಲುಸೀಮೆಯ ಹಾಗೆ ಅಲ್ಲ. ಇಲ್ಲಿ ‘ರೆಕಾರ್ಡ್ 2 ಎಕರೆ, ಎಕ್ಸ್‌ಟ್ರಾ 3 ಎಕರೆ’ ಅನ್ನೋದು ದಿನನಿತ್ಯದ ಮಾತು. ರೆಕಾರ್ಡ್ ಅಂದರೆ ಪಹಣಿಯಲ್ಲಿ ಇರೋದು. ಎಕ್ಸ್‌ಟ್ರಾ ಅಂದರೆ ಪಕ್ಕದ ಸರ್ಕಾರಿ ಜಾಗದಲ್ಲಿ ಅಜ್ಜನ ಕಾಲದಿಂದ ಬೇಲಿ ಹಾಕಿ ಅಡಿಕೆ ಇಟ್ಟುಕೊಂಡು ಬಂದದ್ದು, ಅದನ್ನು ಸಕ್ರಮ ಮಾಡಿಕೊಡಿ ಅಂತ ಬಗರ್ ಹುಕುಂ ಅರ್ಜಿ ಹಾಕಿದ್ದೂ ಇರಬಹುದು, ಹಾಕದೇ ಇರೋದೂ ಇರಬಹುದು. ಊರಿನವರಿಗೆ ಆ ಎರಡು ಲೆಕ್ಕ ಬೇರೆ ಬೇರೆ ಅಂತ ಗೊತ್ತು, ರೇಟು ಮಾತಾಡುವಾಗಲೂ ಬೇರೆ ಬೇರೆಯಾಗಿಯೇ ಮಾತಾಡುತ್ತಾರೆ. ಎಐ ಏನು ಮಾಡಿತು ಗೊತ್ತಾ? ಎರಡನ್ನೂ ಕೂಡಿತು. ‘5 ಎಕರೆಯ ವಿಶಾಲ ಎಸ್ಟೇಟ್’ ಅಂತ ಬರೆಯಿತು. ಕೂಡಿಸಿದ್ದರಲ್ಲಿ ತಪ್ಪಿಲ್ಲ, ಎರಡು ಮೂರು ಐದೇ. ಆದರೆ ಆ ಮೂರನ್ನು ನೋಂದಣಿ ಮಾಡಿಕೊಡೋಕೆ ಯಾರಿಂದಲೂ ಆಗಲ್ಲ.

ಇದಕ್ಕಿಂತ ಚಂದದ್ದು ಸೊಪ್ಪಿನಬೆಟ್ಟದ್ದು. ನಮ್ಮ ಕಡೆ ಹಳೆ ಅಡಿಕೆ ತೋಟಗಳ ಜೊತೆ ಸೊಪ್ಪಿನಬೆಟ್ಟ ಅಂತ ಇರುತ್ತದೆ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತಂದುಕೊಳ್ಳೋಕೆ ಬಿಟ್ಟ ಕಾಡು. ತೋಟದವನಿಗೆ ಇರೋದು ಸೊಪ್ಪಿನ ಸವಲತ್ತು, ನೆಲ ಸರ್ಕಾರದ್ದು. ಮಾವ ‘ಬೆಟ್ಟ ಇದೆ’ ಅಂತ ಬರೆದಿದ್ದರು. ಇಂಗ್ಲಿಷ್ ವಿವರದಲ್ಲಿ ಅದು ಬಂದದ್ದು ‘ಪ್ರೈವೇಟ್ ಫಾರೆಸ್ಟ್’ ಅಂತ! ಜೊತೆಗೆ ‘ಇಲ್ಲಿ ನೀವು ಟ್ರೀ ಹೌಸ್ ಕಟ್ಟಬಹುದು’ ಅಂತ ಒಂದು ಪುಕ್ಕಟೆ ಸಲಹೆ ಬೇರೆ. ಕಟ್ಟಿದರೆ ಮಾರನೇ ದಿನ ಫಾರೆಸ್ಟ್‌ನವರು ಬಂದು ನಿಲ್ಲುತ್ತಾರೆ.

‘ರೆಕಾರ್ಡ್ ಕ್ಲಿಯರ್’ ಅನ್ನೋದೂ ಹೀಗೆಯೇ. ಮಾವ ಹಾಗಂದರೆ ಅದರ ಅರ್ಥ, ಬನ್ನಿ ಪೇಪರ್ ತೋರಿಸ್ತೀನಿ ಅಂತ ಅಷ್ಟೇ. ಅದು ಎಐ ಬಾಯಿಗೆ ಬಿದ್ದರೆ ‘ಎಲ್ಲಾ ದಾಖಲೆಗಳೂ ಸಂಪೂರ್ಣ ದೋಷರಹಿತ, ಬ್ಯಾಂಕ್ ಸಾಲ ಸೌಲಭ್ಯ ಲಭ್ಯ’ ಆಗುತ್ತದೆ. ಪಹಣಿಯ 11ನೇ ಕಾಲಂ ನೋಡಿದೆಯಾ ಅದು? ಅಲ್ಲಿ ಸೊಸೈಟಿ ಸಾಲ ಇರಬಹುದು, ಕೋರ್ಟಿನ ತಡೆ ಇರಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. ‘ಬ’ ಖರಾಬು ಎಷ್ಟು ಗುಂಟೆ ಅಂತ ನೋಡಬೇಕು, ಅದು ಹಳ್ಳಕ್ಕೋ ದಾರಿಗೋ ಬಿಟ್ಟ ಜಾಗ, ಮಾರುವವನದ್ದಲ್ಲ. ಪಂಚಾಯ್ತಿ ಸೈಟಾದರೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯ್ತಿ ಆಸ್ತಿಯ ಆನ್‌ಲೈನ್ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ (ಸಕ್ರಮ ಆಸ್ತಿಯದ್ದು) ಇದ್ದರೆ ಒಂದು ಲೆಕ್ಕ, 11ಬಿ (ಸಕ್ರಮ ಆಗಿಲ್ಲದ್ದು) ಆದರೆ ಬೇರೆ ಲೆಕ್ಕ. ಸಾಗರ, ಹೊಸನಗರ ಕಡೆ ಶರಾವತಿಯದ್ದು ಇನ್ನೊಂದು ಕಥೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಲ್ಲಿ ಹಕ್ಕುಪತ್ರಕ್ಕಾಗಿ ಇನ್ನೂ ಓಡಾಡುತ್ತಿರುವವರು ಇದ್ದಾರೆ. ಅಂಥ ಜಾಗಕ್ಕೆ ‘ದೋಷರಹಿತ’ ಅಂತ ಬರೆಯೋಕೆ ಮನುಷ್ಯನಾದವನಿಗೆ ಕೈ ನಡುಗಬೇಕು. ಎಐಗೆ ಕೈ ಇಲ್ಲ.

ಲೇಔಟ್ ಆದರೆ ಕಾನೂನು ಒಂದಷ್ಟು ಕಾಯುತ್ತದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಲೇಔಟಿಗೆ ನೋಂದಣಿ ಆಗಬೇಕು, ಜಾಹೀರಾತಿನಲ್ಲಿ ಆ ನಂಬರು ಇರಬೇಕು. ಜಾಹೀರಾತಿನ ಸುಳ್ಳು ಮಾತು ನಂಬಿ ದುಡ್ಡು ಕೊಟ್ಟು ನಷ್ಟವಾದರೆ 12ನೇ ಕಲಂ ಪ್ರಕಾರ ಪರಿಹಾರ ಕೊಡಬೇಕಾದವನು ಲೇಔಟ್ ಮಾಡಿದವನು. ‘ಎಐ ಬರೆದದ್ದು ಸ್ವಾಮಿ’ ಅಂದರೆ ಅಲ್ಲಿ ನಡೆಯಲ್ಲ. ಆದರೆ ಹಳ್ಳಿಯ ಒಂದು ಹಳೆ ಮನೆಯನ್ನು ಅದರ ಯಜಮಾನ ಮಾರುವಾಗ ರೇರಾ ಬರಲ್ಲ. ಅಲ್ಲಿ ಇರೋದು ಕೊಳ್ಳುವವನ ಕಣ್ಣು, ಬ್ರೋಕರ್ ಬಾಯಿ, ಅಷ್ಟೇ.

ಆ ಹೊಸನಗರದ ಮನೆಗೆ ಕೊನೆಗೆ ನಾನೇ ಮಾವನ ಜೊತೆ ಹೋದೆ. ಮನೆಯಲ್ಲಿ ಈಗ ಒಬ್ಬರೇ ಅಜ್ಜಿ. ಮಗ ಬೆಂಗಳೂರಿನಲ್ಲಿ, ಮಾರುವ ತೀರ್ಮಾನ ಅವರದ್ದು. ಅಜ್ಜಿ ನನ್ನನ್ನು ಜಗುಲಿಯಲ್ಲಿ ಕೂರಿಸಿಕೊಳ್ಳದೆ ಸೀದಾ ಬಾವಿ ಹತ್ತಿರ ಕರೆದುಕೊಂಡು ಹೋದರು. ಹಗ್ಗದಲ್ಲಿ ಎರಡು ಗಂಟು ಇದ್ದವು. ‘ಈ ಗಂಟು ಸಂಕ್ರಾಂತಿದು, ಆ ಗಂಟು ಮೇ ತಿಂಗಳಿಂದು’ ಅಂದರು. ಸಂಕ್ರಾಂತಿ ತನಕ ಮೊದಲ ಗಂಟು ರಾಟೆಗೆ ಬರುವಷ್ಟರಲ್ಲಿ ಕೊಡ ಮುಳುಗುತ್ತದೆ, ಮೇ ತಿಂಗಳಲ್ಲಿ ಎರಡನೇ ಗಂಟು ದಾಟಿಸಬೇಕು. ಎರಡರ ನಡುವೆ ನನ್ನ ಎರಡು ಆಳು ಉದ್ದದ ಹಗ್ಗ. ಬತ್ತಿದ್ದು ಅವರು ಕಂಡಿಲ್ಲ. ‘ಮನೆ ಖರ್ಚಿಗೆ ಏನೂ ತೊಂದರೆ ಇಲ್ಲ ತಮ್ಮಾ. ಮೋಟರ್ ಇಟ್ಟು ತೋಟಕ್ಕೆ ಬಿಟ್ಟರೆ ಮೂರನೇ ದಿನ ಕೆಸರು ಬರ್ತದೆ.’ ನೀರಿನ ಬಗ್ಗೆ ಇದಕ್ಕಿಂತ ಚೊಕ್ಕ ವಿವರ ಯಾವ ಜಾಹೀರಾತಿನಲ್ಲೂ ನಾನು ಓದಿಲ್ಲ. ಹಾಗೇ ಬರೆದುಕೊಂಡೆ.

ಮನೆ ಚೆನ್ನಾಗಿಯೇ ಇತ್ತು. ಜಗುಲಿಗೆ ಹಲಸಿನ ಕಂಬ, ಪಡಸಾಲೆಗೆ ರೆಡ್ ಆಕ್ಸೈಡ್ ನೆಲ. ಅಜ್ಜಿ ಕೂತು ಅಡಿಕೆ ಸುಲಿಯುವ ಜಾಗದಲ್ಲಿ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹೆಬ್ಬಾಗಿಲ ಹತ್ತಿರ ಉದ್ದಕ್ಕೆ ಬಿರುಕು. ಅಟ್ಟದ ಒಂದು ತೊಲೆಗೆ ಗೆದ್ದಲು ಹತ್ತಿತ್ತು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಎಐ ಬರೆದಿದ್ದ ವಿವರವನ್ನು ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಬಚ್ಚಲ ಮನೆ ಮೇಲೆ ಹೆಂಚು ಸೋರ್ತದೆ, ಅದು ಬರ್ಲೇ ಇಲ್ವಲ್ಲ’ ಅಂದರು. ಮಾವ ನಕ್ಕು, ‘ಅದನ್ನೆಲ್ಲ ಬರೀತಾರಾ ಅಮ್ಮಾ’ ಅಂದರೆ ಅಜ್ಜಿಗೆ ಸಿಟ್ಟೇ ಬಂತು. ‘ಬರೀಲಿ. ನೋಡೋಕೆ ಬಂದೋರು ಮೇಲೆ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ. ಮಾರೋನು ಮಗ, ಅನ್ನಿಸಿಕೊಳ್ಳೋಳು ನಾನು.’

ಈ ಮಾತಿಂದ ನನಗೆ ಒಂದು ವಿಷಯ ಪಕ್ಕಾ ಆಯಿತು. ಮನೆಯ ವಿವರ ಬರೆಯೋದು ನೂರು ಜನರನ್ನು ಕರೆಸೋಕೆ ಅಲ್ಲ, ಬರಬಾರದವರು ಬರದೇ ಇರಲಿ ಅಂತ. ಬೆಂಗಳೂರಿನಿಂದ ಹೊಸನಗರಕ್ಕೆ ಬಂದು ನೋಡಿ ಹೋಗೋದು ಅಂದರೆ ಅವರಿಗೂ ಎರಡು ದಿನ ಹಾಳು, ಮಾವನಿಗೂ ಪೆಟ್ರೋಲ್ ದಂಡ, ಅಜ್ಜಿಗೆ ಅವರ ಮುಖ ನೋಡುವ ಕರ್ಮ. ತೊರೆಯ ಕನಸು ಹೊತ್ತು ಬಂದವನು ತೊರೆ ಇಲ್ಲ ಅಂತ ಗೊತ್ತಾದ ಕೂಡಲೇ ಉಳಿದದ್ದನ್ನೂ ನಂಬಲ್ಲ. ಆ ಹಲಸಿನ ಕಂಬವೂ ಅವನಿಗೆ ಅನುಮಾನವೇ.

ಮಳೆಯದ್ದೂ ಅಷ್ಟೇ. ಎಐಗೆ ಮಲೆನಾಡಿನ ಮಳೆ ಅಂದರೆ ಕಾಫಿ ಕಪ್ಪು ಹಿಡಿದು ಕಿಟಕಿಯಲ್ಲಿ ನೋಡುವ ವಸ್ತು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳಲ್ಲ. ಎರಡೂ ಒಂದೇ ಜಿಲ್ಲೆ, ಜಾಹೀರಾತಿನಲ್ಲಿ ಎರಡಕ್ಕೂ ‘ಹಿತವಾದ ಹವಾಮಾನ’. ಜುಲೈನಲ್ಲಿ ಬಟ್ಟೆ ಒಣಗಿಸೋಕೆ ಒಲೆ ಮೇಲೆ ಹಗ್ಗ ಕಟ್ಟಬೇಕು, ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ, ಅಂಗಳ ದಾಟಿದರೆ ಕಾಲಿಗೆ ಉಂಬಳ (ಜಿಗಣೆ), ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡುವು ಕೊಡಬೇಕು, ಕೊಟ್ಟ ದಿನ ಮರ ಹತ್ತುವವರು ಸಿಗಬೇಕು. ತೋಟ ಕೊಳ್ಳುವವನಿಗೆ ಇದು ಗೊತ್ತಿರಬೇಕೋ ಬೇಡವೋ? ಎಲೆಚುಕ್ಕಿ ರೋಗ ಬಂದ ತೋಟಕ್ಕೆ ‘ಖಚಿತ ಆದಾಯದ ಮೂಲ’ ಅಂತ ಬರೆದುಬಿಟ್ಟರೆ ಅದು ಬರೀ ಬಣ್ಣ ಅಲ್ಲ.

ದೂರ ಅಳೆಯುವುದರಲ್ಲಿ ಎಐ ಬ್ರೋಕರುಗಳನ್ನೇ ಮೀರಿಸುತ್ತದೆ. ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ ಮೇಲೆ ಜಿಲ್ಲೆಯ ಎಲ್ಲ ಸೈಟುಗಳೂ ಅದಕ್ಕೆ ‘ಸಮೀಪ’ ಆದವು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತುಮರಿ ಕಡೆಯ ಜಾಗಕ್ಕೂ ಹಾಗೆಯೇ ಆಯಿತು. ಅಲ್ಲಿ ಹಿನ್ನೀರು ದಾಟೋಕೆ ಲಾಂಚಿಗೆ ಕಾಯೋದು ನಿಂತದ್ದು ನಿಜವೇ, ದೊಡ್ಡ ಬದಲಾವಣೆಯೇ. ಆದರೆ ಸೇತುವೆ ಇಳಿದ ಮೇಲೆ ಮನೆ ತನಕ ಇರುವ ದಾರಿಯ ಬಗ್ಗೆ ಯಾರೂ ಏನೂ ಬರೆಯಲ್ಲ.

ಬಾಡಿಗೆ ಮನೆಗಳ ವಿಷಯ ಇನ್ನೊಂದು ಥರ. ಶಿವಮೊಗ್ಗ ಪೇಟೆಯಲ್ಲಿ ಒಬ್ಬ ಮನೆ ಮಾಲೀಕರು ‘ವೆಜ್ ಫ್ಯಾಮಿಲಿಗೆ ಮಾತ್ರ’ ಅಂತ ಹಾಕಿಸಿ ಅಂದರು. ಅದರ ಒಳಗೆ ಏನಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಾಡಿಗೆಗೆ ಕೇಳುವವನ ಅಡುಗೆಮನೆಗಿಂತ ಮೊದಲು ಅವನ ಹೆಸರಿನ ಕೊನೆ ಭಾಗ ನೋಡುತ್ತಾರೆ. ಎಐ ಅದನ್ನು ಕನ್ನಡದಲ್ಲಿ ‘ಸಾತ್ವಿಕ ಜೀವನಶೈಲಿಯ ಸುಸಂಸ್ಕೃತ ಕುಟುಂಬಗಳಿಗೆ ಹೇಳಿ ಮಾಡಿಸಿದ ಪರಿಸರ’ ಅಂತ ಮಾಡಿಕೊಟ್ಟಿತು. ಮಾಲೀಕರು ಒರಟಾಗಿ ಹೇಳಿದ್ದಾಗ ಓದಿದವನಿಗೆ ಬಾಗಿಲು ಹಾಕಿದೆ ಅಂತಾದರೂ ತಿಳಿಯುತ್ತಿತ್ತು. ಈಗ ಬಾಗಿಲಿಗೆ ತೋರಣ ಕಟ್ಟಿ ಹಾಕಿದ ಹಾಗಾಯಿತು. ಅಮೆರಿಕದಲ್ಲಿ 1968ರ ಫೇರ್ ಹೌಸಿಂಗ್ ಕಾಯ್ದೆ ಅಂತ ಇದೆ, ಇಂಥ ಜನಾಂಗದವರಿಗೆ, ಇಂಥ ಧರ್ಮದವರಿಗೆ ಆದ್ಯತೆ ಅಂತ ಮನೆ ಜಾಹೀರಾತಿನಲ್ಲಿ ಸೂಚಿಸುವುದೂ ಅಲ್ಲಿ ತಪ್ಪು. ನಮ್ಮಲ್ಲಿ ಖಾಸಗಿ ಬಾಡಿಗೆ ಮನೆಗೆ ಅಂಥ ಪ್ರತ್ಯೇಕ ಕಾನೂನು ಇಲ್ಲ. ಆ ಸಾಲು ನಾನು ತೆಗೆದುಹಾಕಿದೆ. ಮಾಲೀಕರು ಬೇರೆ ಬ್ರೋಕರ್ ಹತ್ತಿರ ಹೋದರು. ಮಾವ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇಷ್ಟೆಲ್ಲ ಬೈದರೂ ಎಐ ಬಿಟ್ಟಿದ್ದೀನಾ ಅಂದರೆ ಇಲ್ಲ. ಸುಮ್ನೆ ಯಾಕೆ ಬಿಡಬೇಕು? ಕೆಲಸ ಬದಲಾಯಿಸಿದ್ದೇನೆ, ಅಷ್ಟೇ. ಬರಿ ಅನ್ನೋದಕ್ಕಿಂತ ಮೊದಲು ಕೇಳು ಅನ್ನುತ್ತೇನೆ. ‘ಬೆಂಗಳೂರಿನಲ್ಲಿ ಕೂತು ಈ ಜಾಗ ಕೊಳ್ಳಬೇಕು ಅಂತಿರುವವನು ನೀನು, ನನ್ನನ್ನು ಏನೇನು ಕೇಳುತ್ತೀಯ’ ಅಂದರೆ ಒಳ್ಳೊಳ್ಳೆ ಪ್ರಶ್ನೆ ಕೇಳುತ್ತದೆ. ಯಾವ ಮೊಬೈಲ್ ಸಿಗ್ನಲ್ ಬರುತ್ತದೆ, ದಾರಿ ಯಾರ ಸರ್ವೆ ನಂಬರಿನಲ್ಲಿ ಹಾದು ಬರುತ್ತದೆ, ಆ ದಾರಿಗೆ ಪತ್ರ ಇದೆಯಾ ಅಥವಾ ಬಾಯಿಮಾತಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಕೆಲಸಕ್ಕೆ ಆಳು ಸಿಗುತ್ತಾರಾ. ದಾರಿ ಪತ್ರದ ಪ್ರಶ್ನೆಯಂತೂ ಮಾವನಿಗೂ ಹೊಳೆದಿರಲಿಲ್ಲ. ಬೈದುಕೊಂಡೇ ಫೋನ್ ಮಾಡಿ ವಿಚಾರಿಸಿದರು. ಉತ್ತರ ಎಲ್ಲ ಸಿಕ್ಕಿದ ಮೇಲೆ, ಇದರಲ್ಲಿ ಇಲ್ಲದ್ದು ಒಂದು ಅಕ್ಷರ ಸೇರಿಸಬೇಡ, ಹೊಗಳಬೇಡ ಅಂತ ಹೇಳಿ ಬರೆಸುತ್ತೇನೆ. ಆದರೂ ಒಂದೆರಡು ‘ರಮಣೀಯ’ ನುಸುಳುತ್ತವೆ, ಕೂತು ಹೆಕ್ಕಬೇಕು. ಇಂಗ್ಲಿಷ್ ಮಾಡೋದರಲ್ಲಿ ಅದು ನನಗಿಂತ ಎಷ್ಟೋ ವಾಸಿ, ಅದರಲ್ಲಿ ಜಗಳ ಇಲ್ಲ. ಮಾವ ಜಾಗ ಸುತ್ತುತ್ತಾ ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅದಕ್ಕೆ ಕೊಟ್ಟರೆ, ಅರ್ಧ ಮಾತು ತಪ್ಪಾಗಿ ಕೇಳಿಸಿಕೊಂಡರೂ, ಒಂದು ಸಾಲಿನ ಟಿಪ್ಪಣಿಗಿಂತ ನೂರು ಪಾಲು ಮೇಲು.

ಫೋಟೊ ವಿಷಯ ಇದರಲ್ಲಿ ತರಲ್ಲ. ಮೋಡ ಅಳಿಸಿ ನೀಲಿ ಆಕಾಶ ಹಾಕೋದು, ಖಾಲಿ ಕೋಣೆಗೆ ಸೋಫಾ ಇಡೋದು ಎಲ್ಲ ಈಗ ಒಂದು ಬಟನ್. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ ಹಾಗೆ ತಿದ್ದಿದ ಫೋಟೊ ಹಾಕಿದರೆ ತಿದ್ದಿದ್ದು ಅಂತ ಹೇಳಲೇಬೇಕು ಅಂತ ಕಾನೂನು ಬಂದಿದೆ. ಇಲ್ಲಿ ಮಾವನ ಫೋನಿನ ಕ್ಯಾಮೆರಾಗೆ ಬೂಷ್ಟು ಹಿಡಿದು ಎಲ್ಲ ಫೋಟೊವೂ ಮಂಜು ಮಂಜು, ಅದೇ ನಮ್ಮ ಪ್ರಾಮಾಣಿಕತೆ.

ಹೊಸನಗರದ ಮನೆಗೆ ಕೊನೆಗೆ ಹೋದ ವಿವರದಲ್ಲಿ ರೆಕಾರ್ಡ್ ಎಕರೆ ಬೇರೆ, ಅನುಭವದ ಜಾಗ ಬೇರೆ ಅಂತ ಇದೆ. ಬೆಟ್ಟ ಸೊಪ್ಪಿಗೆ ಮಾತ್ರ ಅಂತ ಇದೆ. ಹಗ್ಗದ ಎರಡು ಗಂಟು ಇದೆ, ಬಿರುಕು ಇದೆ, ತೊಲೆ ಇದೆ, ಬಚ್ಚಲ ಹೆಂಚೂ ಇದೆ. ಮಗನಿಗೆ ಕಳಿಸಿದಾಗ ಅವರು ಫೋನ್ ಮಾಡಿ, ‘ಏನ್ರೀ, ನಮ್ಮ ಮನೆ ಮಾರ್ತಾ ಇದೀರೋ ಮುರೀತಾ ಇದೀರೋ’ ಅಂದರು. ಹೋಂಸ್ಟೇ ಮಾಡುವವರು ತಗೊಳ್ಳುತ್ತಾರೆ, ‘ಹೆರಿಟೇಜ್’ ಅಂತ ಹಾಕಿ ಅಂದರು. ಅದಾದ ಮೇಲೆ ತಾವೇ ಎಐ ಹತ್ತಿರ ಒಂದು ಬರೆಸಿ ಬೇರೆ ಕಡೆ ಹಾಕಿದ್ದಾರೆ. ಅದರಲ್ಲೂ ತೊರೆ ಇದೆ, ನಾನೇನು ಹೇಳಿಕೊಟ್ಟದ್ದಲ್ಲ.

ಹಾಗಾಗಿ ಈಗ ಒಂದೇ ಮನೆಗೆ ಎರಡು ಜಾಹೀರಾತು ಓಡಾಡುತ್ತಿವೆ, ಎರಡರಲ್ಲೂ ಮಾವನದ್ದೇ ನಂಬರು. ಮಗನದ್ದು ಓದಿದವರು ಜಾಸ್ತಿ ಫೋನ್ ಮಾಡುತ್ತಾರೆ, ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ, ಅಂಗಳದಲ್ಲಿ ನಾಲ್ಕು ಫೋಟೊ ಹೊಡೆದುಕೊಂಡು ಜೋಗ ನೋಡೋಕೆ ಹೋಗುತ್ತಾರೆ. ನಮ್ಮದು ಓದಿದವರ ಫೋನ್ ಕಡಿಮೆ. ಬಂದರೆ ಮಾತ್ರ ಮೊದಲನೇ ಮಾತೇ ‘ಪಹಣಿ ಕಳಿಸಿ’ ಅಂತ. ಮನೆ ಇನ್ನೂ ಹೋಗಿಲ್ಲ. ದಾವಣಗೆರೆಯ ಒಬ್ಬರು ತೊಲೆ ಬದಲಾಯಿಸೋಕೆ ಎಷ್ಟು ಖರ್ಚಾಗಬಹುದು ಅಂತ ವಿಚಾರಿಸುತ್ತಿದ್ದಾರೆ. ಮನೆ ನೋಡೋಕೆ ಯಾವಾಗ ಬರಲಿ ಅಂತ ಕೇಳಿದ್ದಕ್ಕೆ ಮಾವ ಆಷಾಢದಲ್ಲಿ ಬನ್ನಿ, ಕಾರು ಬೇಡ, ಜೀಪು ಮಾಡಿಕೊಂಡು ಬನ್ನಿ ಅಂದಿದ್ದಾರೆ. ಆ ತಿಂಗಳು ನಮ್ಮ ಕಡೆ ಯಾರೂ ಅಡ್ವಾನ್ಸ್ ಕೊಡಲ್ಲ, ಆದರೆ ದಾರಿ ಹೇಗಿದೆ ಅಂತ ಸರಿಯಾಗಿ ಗೊತ್ತಾಗುತ್ತದೆ.